ಬೆಣ್ಣೆ ಮುದ್ದೆಗಳ ನಡುವೆ ಬಿಸಿಲು ಬಣ್ಣದ ಮರಿ

ಓಹೈಯೋ ನದಿಯ ದಡದ ಮಿಲ್‌ಬ್ರುಕ್ ಊರಿನಲ್ಲಿ ಶಾಲೆಯ ಬಸ್ಸು ಓಡಿಸುವ ಆರ್ಲಿಸ್ ಟ್ರಿಂಬಲ್‌ನ ಮನೆಯಲ್ಲಿ, ಊಟದ ಕೋಣೆಯಲ್ಲಿ ಕೂತು ಯಾರೂ ಊಟ ಮಾಡಿ ಎಷ್ಟೋ ವರ್ಷಗಳಾಗಿದ್ದವು. ಊಟವೆಲ್ಲ ಅಡುಗೆಮನೆಯ ಪುಟ್ಟ ಮೇಜಿನ ಮೇಲೆ. ಊಟದ ಕೋಣೆಯ ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಪೆಟ್ಟಿಗೆಗಳು, ಒಂದೊಂದರಲ್ಲಿ ಒಂದೊಂದು ಬೋವಾ ಹಾವು. ಹೆಬ್ಬಾವಿನ ಹಾಗೆಯೇ ಇದಕ್ಕೂ ವಿಷವಿಲ್ಲ. ಇಲಿಯನ್ನು ಸುತ್ತಿ ಹಿಂಡಿ ನುಂಗುತ್ತದೆ. ಆದರೆ ಹೆಬ್ಬಾವಿನ ಹಾಗೆ ಮೊಟ್ಟೆಯಿಟ್ಟು ಕಾವು ಕೊಡುವುದಿಲ್ಲ, ಮರಿಗಳನ್ನೇ ಹೆರುತ್ತದೆ.

ಬೆಳಿಗ್ಗೆ ಬಸ್ಸು ತೆಗೆಯುವ ಮೊದಲು ಕಾಫಿ ಲೋಟ ಹಿಡಿದು ಒಂದೊಂದು ಪೆಟ್ಟಿಗೆಯ ಮುಂದೂ ನಿಲ್ಲುವುದು ಆರ್ಲಿಸ್‌ನ ಅಭ್ಯಾಸ. ಹೊರಗಿನವರಿಗೆ ಎಲ್ಲ ಹಾವೂ ಕಂದು. ಅವನ ಕಣ್ಣಿಗೆ ಒಂದು ಹಾಲು ಹೆಚ್ಚಾದ ಕಾಫಿ, ಇನ್ನೊಂದು ಉದುರಿದ ಮೇಪಲ್ ಎಲೆ, ಮತ್ತೊಂದರ ಬಾಲ ಮಳೆಯಲ್ಲಿ ನೆನೆದ ಇಟ್ಟಿಗೆ. ಮೂಲೆಯ ಪೆಟ್ಟಿಗೆಯದಕ್ಕೆ ಮೈಯಲ್ಲಿ ಕೆಂಪೆಂಬುದೇ ಇರಲಿಲ್ಲ, ಬೂದು ಕಾಗದದ ಮೇಲೆ ಇದ್ದಿಲಿನಿಂದ ಚಿತ್ರ ಬರೆದ ಹಾಗಿತ್ತು. ಪೊರೆ ಬಿಡುವ ಮುಂಚೆ ಎಲ್ಲವೂ ಮಂಕಾಗಿ, ಕಣ್ಣು ಹಾಲುಗಟ್ಟಿದಂತೆ ನೀಲಿಯಾಗುತ್ತಿದ್ದವು. ಪೊರೆ ಕಳಚಿದ ದಿನ ಮಾತ್ರ ತೊಳೆದ ಗಾಜಿನಂತೆ ಹೊಳೆಯುತ್ತಿದ್ದವು. ಅಂಥ ದಿನ ಆರ್ಲಿಸ್ ಬಸ್ಸಿನಲ್ಲಿ ಸಿಳ್ಳೆ ಹಾಕುತ್ತಾನೆಂಬುದು ಊರಿನ ಮಕ್ಕಳಿಗೆಲ್ಲ ಗೊತ್ತು.

ಅವನ ಬಳಿ ಇಲ್ಲದ ಬಣ್ಣ ಒಂದೇ. ಕಪ್ಪು ಪೂರಾ ಅಳಿಸಿಹೋಗಿ ಕಿತ್ತಳೆ, ಗುಲಾಬಿ, ಕೆನೆ ಮಾತ್ರ ಉಳಿಯುವ ಬಿಸಿಲು ಬಣ್ಣ. ಗೆಳೆಯ ರಾಯ್ಸ್ ವರ್ಷಗಳ ಹಿಂದೆ ಕೊಟ್ಟಿದ್ದ ಮೇಬಲ್ ಎಂಬ ಹೆಣ್ಣು, ಹೋಮರ್ ಎಂಬ ಗಂಡು ನೋಡಲು ಸಾದಾ ಕಂದು. ಆದರೆ ಎರಡರ ರಕ್ತದಲ್ಲೂ ಆ ಬಣ್ಣ ಅಡಗಿದೆ, ಎರಡೂ ಕಡೆಯಿಂದ ಬಂದು ಸೇರಿದ ಮರಿಯಲ್ಲಿ ಹೊರಗೆ ಬರುತ್ತದೆ ಎಂದು ರಾಯ್ಸ್ ಹೇಳಿದ್ದ. ಮೇಬಲ್ ಹಿಂದೆ ಹೆತ್ತಾಗಲೆಲ್ಲ ಮರಿಗಳು ಕಂದಾಗಿಯೇ ಹುಟ್ಟಿದ್ದವು.

ಆ ವಸಂತದಲ್ಲಿ ಮೇಬಲ್ ಮತ್ತೆ ದಪ್ಪಗಾಗಿದ್ದನ್ನು ಆರ್ಲಿಸ್ ಹೇಳಿದಾಗ ಹೆಂಡತಿ ವನೀಟಾ ಹೊಲಿಗೆಯಿಂದ ತಲೆಯೆತ್ತಲಿಲ್ಲ. ಅವಳಿಗೆ ಕೌದಿಯ ಹುಚ್ಚು. ಹಳೆಯ ಬಟ್ಟೆಯ ಚೂರುಗಳನ್ನು ಬಣ್ಣಕ್ಕೆ ಬಣ್ಣ ಕೂಡಿಸಿ ಹೊಲಿದಳೆಂದರೆ ಚರ್ಚಿನ ಹೆಂಗಸರು ಮುಟ್ಟಿ ಮುಟ್ಟಿ ನೋಡುತ್ತಿದ್ದರು.

"ಕೌದಿ ಬಿಗಿದು ಹೊಲಿಯೋ ದೊಡ್ಡ ಚೌಕಟ್ಟು ಹಾಕೋಕೆ ಜಾಗ ಇಲ್ಲ ಅಂತ ಚರ್ಚಿನವರು ಗೋಳಾಡ್ತಿದ್ದಾರೆ," ಎಂದಳು. "ನನ್ನ ಮನೇಲಿ ಅಷ್ಟು ದೊಡ್ಡ ಕೋಣೆ ಇದೆ. ಬಾಡಿಗೆ ಕೊಡದ ಹಾವುಗಳು ಕೂತ್ಕೊಂಡಿವೆ."

"ಇದೊಂದು ಸಲ ನೋಡೋಣ ಕಣೇ. ಈ ಸಲ ಬಂದೇ ಬರುತ್ತೆ."

"ಹೋದ ಸಲಾನೂ ಇದನ್ನೇ ಹೇಳಿದ್ದೆ. ಸರಿ, ಮಾತಾಡಿಕೊಳ್ಳೋಣ. ಈ ಸಲ ಒಂದಾದ್ರೂ ನಿನ್ನ ಬಿಸಿಲು ಬಣ್ಣದ್ದು ಹುಟ್ಟಿದ್ರೆ ನಾನು ಇನ್ನು ಕೋಣೆ ಸುದ್ದಿ ಎತ್ತಲ್ಲ. ಹುಟ್ಟಲಿಲ್ಲ ಅಂದ್ರೆ ಎಲ್ಲವೂ ರಾಯ್ಸ್‌ನ ಕೊಟ್ಟಿಗೆಗೆ."

ಆರ್ಲಿಸ್ ಒಪ್ಪಿದ. ಒಪ್ಪಿದ ಮೇಲೆ ಅವನಿಗೆ ಕಳವಳ ಶುರುವಾಯಿತು. ರಾಯ್ಸ್‌ನ ಕೊಟ್ಟಿಗೆ ಬೆಚ್ಚಗಿತ್ತು, ಹಾವುಗಳಿಗೆ ಅಲ್ಲಿ ಏನೂ ಕೊರತೆಯಾಗುತ್ತಿರಲಿಲ್ಲ. ಆದರೆ ಅದು ಊರಾಚೆ. ಭಾನುವಾರ ಹೋಗಿ ನೋಡಿಬರುವುದಕ್ಕೂ ದಿನಾ ಬೆಳಿಗ್ಗೆ ಕಾಫಿ ಹಿಡಿದು ನಿಲ್ಲುವುದಕ್ಕೂ ಎಲ್ಲಿಂದೆಲ್ಲಿಯ ಹೋಲಿಕೆ?

ಆಗಸ್ಟ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ನೋಡಿದರೆ ಮೇಬಲ್ ಹೆತ್ತಿದ್ದಳು. ಪೆಟ್ಟಿಗೆಯ ತುಂಬ ಬೆರಳು ದಪ್ಪದ ಮರಿಗಳು, ಕೆಲವು ಇನ್ನೂ ತೆಳು ಪೊರೆಯ ಚೀಲದಿಂದ ತಲೆ ಹೊರಗೆ ಹಾಕುತ್ತಿದ್ದವು. ಆರ್ಲಿಸ್ ಹರಿದಾಡುತ್ತಿದ್ದ ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದ. ಕಂದು. ಇದೂ ಕಂದು. ಚಂದದ ಕಂದು, ಬಾಲದಲ್ಲಿ ಒಳ್ಳೆಯ ಕೆಂಪು, ಆದರೂ ಕಂದು. ಕೊನೆಯ ಮರಿಯೂ ಕಂದೇ. ಅದನ್ನೂ ಒದ್ದೆ ಬಟ್ಟೆ ಹಾಸಿದ ತೊಟ್ಟಿಗೆ ಬಿಟ್ಟ.

ಪೆಟ್ಟಿಗೆಯಲ್ಲಿ ಉಳಿದದ್ದು ಬೆಣ್ಣೆ ಮುದ್ದೆಗಳು. ಬೋವಾ ಹೆರುವಾಗ ಮರಿಯಾಗದೆ ಉಳಿದ ಹಳದಿ ಗಡ್ಡೆಗಳೂ ಜೊತೆಗೆ ಬೀಳುತ್ತವೆ. ಸಾಕುವವರು ಅವನ್ನು ನೋಡುವುದೂ ಇಲ್ಲ, ಬಾಚಿ ಎಸೆಯುತ್ತಾರೆ. ಆರ್ಲಿಸ್ ಕನ್ನಡಕವನ್ನು ಹಣೆಗೇರಿಸಿ ಕಣ್ಣೊರೆಸಿಕೊಂಡ, ಹಾಗೆಯೇ ಎಲ್ಲವನ್ನೂ ಬಕೆಟ್ಟಿಗೆ ಬಾಚಿ ಹಿಂಬಾಗಿಲಲ್ಲಿಟ್ಟ. ಗುಲಾಬಿ ಗಿಡದ ಬುಡಕ್ಕೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ ಎಂದು ವನೀಟಾ ಪ್ರತಿಸಲವೂ ಹೂಳುತ್ತಿದ್ದಳು. ಅವಳಿಗೆ ಹಾವಿನಿಂದ ಆಗುತ್ತಿದ್ದ ಉಪಕಾರ ಅದೊಂದೇ.

ಅಷ್ಟರಲ್ಲಿ ರಾಯ್ಸ್ ಬಂದು ತೊಟ್ಟಿಯೊಳಗೆ ಇಣುಕಿದ.

"ಎಲ್ಲ ಅಪ್ಪನ ಹಾಗೇ ಇವೆ."

"ಬಣ್ಣ ಅಡಗಿದೆ ಅಂತ ಹೇಳಿದ್ದು ನೀನೇ ತಾನೆ."

"ಅಡಗಿದೆ ಮಾರಾಯ. ಸ್ವಲ್ಪ ಚೆನ್ನಾಗಿಯೇ ಅಡಗಿದೆ." ರಾಯ್ಸ್ ಗೆಳೆಯನ ಮುಖ ನೋಡಿ ನಗು ನುಂಗಿಕೊಂಡ. "ಟ್ರಕ್ ತಂದಿದ್ದೀನಿ. ಆದ್ರೆ ಇವತ್ತೇ ಸಾಗಿಸಬೇಕು ಅಂತೇನಿಲ್ಲ."

"ಮಾತು ಅಂದ್ರೆ ಮಾತು. ನಡಿ, ಆ ತುದಿ ಹಿಡಿ."

ಇಬ್ಬರೂ ಇದ್ದಿಲು ಬಣ್ಣದ ಹಾವಿನ ಪೆಟ್ಟಿಗೆಯನ್ನು ಎತ್ತಿ ಬಾಗಿಲವರೆಗೆ ತಂದಿದ್ದರು. ಹಿತ್ತಲಿನಿಂದ ವನೀಟಾಳ ದನಿ ಕೇಳಿತು. ಕೂಗೇನಲ್ಲ, ಹಾಲು ಬಂತೇ ಎಂದು ಕೇಳುವಂಥ ದನಿ.

"ಆರ್ಲಿಸ್, ನಿನ್ನ ಬೆಣ್ಣೆ ಮುದ್ದೆ ಒಂದು ನನ್ನನ್ನೇ ನೋಡ್ತಿದೆ."

ಪೆಟ್ಟಿಗೆ ದಡಕ್ಕನೆ ನೆಲಕ್ಕಿಳಿಯಿತು, ಇಬ್ಬರೂ ಹಿತ್ತಲಿಗೆ ಓಡಿದರು. ಗುಲಾಬಿಯ ಬುಡದಲ್ಲಿ ಗುಣಿ ತೋಡಿತ್ತು. ವನೀಟಾ ಗುದ್ದಲಿಯನ್ನು ಪಕ್ಕಕ್ಕಿಟ್ಟು, ತೋಟದ ಕೈಗವಸು ಹಾಕಿದ ಅಂಗೈಯನ್ನು ಮುಂದೆ ಚಾಚಿ ಅಲುಗಾಡದೆ ನಿಂತಿದ್ದಳು. ಅಂಗೈಯಲ್ಲಿ ಹಳದಿ ಗಡ್ಡೆಯಂಥದ್ದೇ ಒಂದು ಮುದ್ದೆ. ಅದರ ಚೀಲ ಒಂದು ಕಡೆ ಹರಿದಿತ್ತು. ಒಳಗೆ ಸುರುಳಿ ಸುತ್ತಿದ ಕೆನೆ ಬಣ್ಣದ ಮೈ, ಬೆನ್ನಿಗೆ ಕಿತ್ತಳೆಯ ಪಟ್ಟೆಗಳು, ದಾಳಿಂಬೆ ಬೀಜದಂಥ ಎರಡು ಕೆಂಪು ಕಣ್ಣು. ಮರಿ ನಾಲಿಗೆ ಚಾಚಿ ಗಾಳಿಯ ರುಚಿ ನೋಡಿತು.

ಮೊದಲು ಮಾತಾಡಿದವನು ರಾಯ್ಸ್.

"ಹಳದಿ ಬಸ್ಸು ಓಡಿಸೋನಿಗೆ ಹಳದಿ ಕಾಣಲಿಲ್ವಲ್ಲೋ."

"ಬಾಕಿ ಮುದ್ದೆಗಳನ್ನೂ ಒಂದೊಂದಾಗಿ ನೋಡಿದ್ದೀನಿ," ಎಂದಳು ವನೀಟಾ. "ಇದೊಂದೇ. ಇದರ ಹಳದಿ ಬೇರೆ ಇತ್ತು. ಅವು ಸಾಬೂನಿನ ಹಳದಿ, ಇದು ಪೀಚ್ ಹಣ್ಣಿಂದು. ಕೌದಿಗೆ ಇಂಥ ಬಟ್ಟೆ ಹುಡುಕಿ ಹುಡುಕಿ ಸಾಕಾಗಿದೆ ನನಗೆ. ಬೇಗ ತಗೋ."

ಆರ್ಲಿಸ್ ಎರಡೂ ಕೈಯಲ್ಲಿ ಮರಿಯನ್ನು ತೆಗೆದುಕೊಂಡ. "ನೀನು ಸುಮ್ಮನೆ ಮಣ್ಣು ಎಳೆದಿದ್ರೆ ಕೋಣೆ ನಿಂದಾಗ್ತಿತ್ತು, ವನೀಟಾ."

"ಗೊತ್ತು. ನಿನ್ನನ್ನ ಕರೆಯೋ ಮುಂಚೆ ಅದನ್ನೂ ಯೋಚನೆ ಮಾಡಿದೆ." ಕೈಗವಸು ಬಿಚ್ಚುತ್ತ ಹೇಳಿದಳು. "ಆಮೇಲೆ ಅದು ತಲೆ ಎತ್ತಿತು. ಕಣ್ಣಿಗೆ ಕಣ್ಣು ಸೇರಿಸಿ ನೋಡಿದ್ದನ್ನ ಹೂಳೋದು ಹೇಗೆ?"

ಆ ದಿನ ಟ್ರಕ್ಕಿನಲ್ಲಿ ಹೋದದ್ದು ಬೇರೆ ಸಾಮಾನು. ಆರ್ಲಿಸ್ ಯಾರೂ ಕೇಳದೆಯೇ ತನ್ನ ಒರಗು ಕುರ್ಚಿ, ಹಳೆಯ ಸೋಫಾ, ದೊಡ್ಡ ಟಿವಿ ಎಲ್ಲವನ್ನೂ ಮನೆಯ ಮುಂಭಾಗದ ಕೋಣೆಯಿಂದ ಎತ್ತಿಸಿ ರಾಯ್ಸ್‌ನ ಕೊಟ್ಟಿಗೆಗೆ ಕಳಿಸಿದ. ಖಾಲಿಯಾದ ಜಾಗಕ್ಕೆ ಕೌದಿಯ ಚೌಕಟ್ಟು ಸರಿಯಾಗಿ ಹಿಡಿಸಿತು. ಫುಟ್‌ಬಾಲ್ ಆಟವಿದ್ದ ದಿನ ಅವನು ಕೊಟ್ಟಿಗೆಗೇ ಹೋಗಿ, ತನ್ನದೇ ಕುರ್ಚಿಯಲ್ಲಿ ಕೂತು ನೋಡಿಬರುತ್ತಿದ್ದ.

ಹಾವು ಸಾಕುವವರಲ್ಲಿ ಒಂದು ಪದ್ಧತಿಯಿದೆ. ಮೊದಲ ಪೊರೆ ಬಿಡುವವರೆಗೆ ಮರಿಗೆ ಹೆಸರಿಡುವುದಿಲ್ಲ, ಆಮೇಲೆ ಬಣ್ಣವನ್ನು ಮೊದಲು ಕಂಡವರೇ ಇಡಬೇಕು. ಪೊರೆ ಬಿಟ್ಟ ದಿನ ಆರ್ಲಿಸ್ ಮರಿಯನ್ನು ತಂದು ವನೀಟಾಳ ಮುಂದೆ ಹಿಡಿದ. ಅವಳು ಕೈಕಟ್ಟಿಕೊಂಡೇ ಬಗ್ಗಿ ನೋಡಿದಳು.

"ಹೆಸ್ಟರ್."

"ನಿಮ್ಮ ಸೋದರತ್ತೆ ಹೆಸರಾ?"

"ಅವಳದ್ದೇ. ಪ್ರತಿ ಮದುವೇಲೂ ಎಲ್ಲರ ಊಟ ಮುಗಿದು ಪಾತ್ರೆ ತೊಳೆಯೋವಾಗ ಬರ್ತಿದ್ದಳು. ತಲೆಗೂದಲೂ ಇದೇ ಬಣ್ಣ."

ಮುಂದಿನ ಗುರುವಾರ ಚರ್ಚಿನ ಹೆಂಗಸರು ಕೌದಿಗೆ ಬಂದರು. ಊಟದ ಕೋಣೆಯ ಬಾಗಿಲು ಭದ್ರವಾಗಿ ಮುಚ್ಚಿತ್ತು. ಆರ್ಲಿಸ್ ಅಡುಗೆಮನೆಯಲ್ಲಿ ಅವರಿಗೆ ಕಾಫಿ ಸೋಸುತ್ತಿದ್ದ. ಯಾರೋ ಒಬ್ಬರು ಒಂದು ಚೂರು ಬಟ್ಟೆ ಎತ್ತಿ ಹಿಡಿದು ಇದು ಗುಲಾಬಿಯೇ ಎಂದರು, ಇನ್ನೊಬ್ಬರು ಕಿತ್ತಳೆ ಎಂದರು. ಮಾತು ಜೋರಾಯಿತು.

"ಎರಡೂ ಅಲ್ಲ," ಎಂಬ ವನೀಟಾಳ ದನಿ, ಆಮೇಲೆ ಕುರ್ಚಿ ಸರಿದ ಸದ್ದು. "ಸೂಜಿ ಕೆಳಗಿಡಿ. ಹೆದರೋರು ಇಲ್ಲೇ ಇರಿ. ಉಳಿದೋರು ಬನ್ನಿ, ಆ ಬಣ್ಣ ಯಾವುದು ಅಂತ ತೋರಿಸ್ತೀನಿ."

ಊಟದ ಕೋಣೆಯ ಬಾಗಿಲು ತೆರೆದದ್ದು ಆರ್ಲಿಸ್‌ಗೆ ಕೇಳಿಸಿತು. ಅವನು ಕಾಫಿ ಲೋಟಗಳನ್ನು ತಟ್ಟೆಗೆ ಜೋಡಿಸಿ, ತನಗೂ ಒಂದನ್ನು ಇಟ್ಟುಕೊಂಡು, ಅವರ ಹಿಂದೆಯೇ ಹೊರಟ.