ಉದ್ದ ಗ್ಲಾಸಿನ ನೀರು

"ಈಗ ಯಾವುದರಾಗ ನೀರು ಜಾಸ್ತಿ ಐತಿ, ಹೇಳು?" ಎಂದು ಕೇಳಿದೆ. ಐದು ವರ್ಷದ ಸಾನಿಯಾ ಥಟ್ಟನೆ ಉದ್ದ ಗ್ಲಾಸನ್ನು ತೋರಿಸಿದಳು. ಅವಳ ಕಣ್ಣೆದುರೇ ಎರಡು ಲೋಟಗಳ ಸಮ ನೀರನ್ನು ಒಂದು ಉದ್ದ ಗ್ಲಾಸಿಗೆ, ಒಂದು ಅಗಲ ಬಟ್ಟಲಿಗೆ ಸುರಿದಿದ್ದೆ. ಆ ವಯಸ್ಸಿನ ಮಕ್ಕಳಿಗೆ ಎತ್ತರ ಕಂಡದ್ದೇ ಹೆಚ್ಚು ಎಂದು ಮನಃಶಾಸ್ತ್ರದ ಪುಸ್ತಕದಲ್ಲಿ ಓದಿ, ಬಿ.ಎಡ್. ಪ್ರಾಜೆಕ್ಟಿಗಾಗಿ ಗೋಕಾಕದಿಂದ ಮಸಗುಪ್ಪಿಯ ಅಂಗನವಾಡಿಗೆ ಹೋಗಿದ್ದೆ. ಪುಸ್ತಕದ ಮಾತು ಖರೆಯಾಯಿತೆಂಬ ಖುಷಿಯಲ್ಲಿ 'ಉತ್ತರ ತಪ್ಪು' ಎಂದು ಬರೆದುಕೊಳ್ಳತೊಡಗಿದೆ.

ಅಷ್ಟರಲ್ಲಿ ಅವಳು ಆ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದು, ಚೆಲ್ಲದಂತೆ ಮೆಲ್ಲಗೆ ನಡೆದು ನನ್ನ ಬಳಿ ಬಂದಳು.

"ಅಕ್ಕಾರ, ಜಾಸ್ತಿ ಇದ್ದಿದ್ದು ನೀವ ಕುಡೀರಿ. ಬಿಸಲಾಗ ಬಂದೀರಿ. ನನಗ ಕಡಿಮಿ ಇದ್ದಿದ್ದು ಸಾಕು."

ಪೆನ್ನು ಕೆಳಗಿಟ್ಟು ಪೂರ್ತಿ ಕುಡಿದೆ. ಅವಳೂ ಬಟ್ಟಲನ್ನೆತ್ತಿ ಗಟಗಟ ಕುಡಿದು, ಲಂಗದ ಅಂಚಿಗೆ ಬಾಯಿ ಒರೆಸಿಕೊಂಡು ಆಡಲು ಓಡಿದಳು.

ಈಗ ನಾನು ಸಾಲಿಯಲ್ಲಿ ಶಿಕ್ಷಕಿ. ಮಗು ತಪ್ಪು ಉತ್ತರ ಹೇಳಿದರೆ ತಿದ್ದುವ ಅವಸರ ಮಾಡುವುದಿಲ್ಲ. ಆ ಉತ್ತರ ಹಿಡಿದುಕೊಂಡು ಮಗು ಮುಂದೇನು ಮಾಡುತ್ತದೆಂದು ಒಂದು ಗಳಿಗೆ ಕಾಯುತ್ತೇನೆ.