ಮಖಮಲ್ಲಿನ ಗವಸು ತೊಟ್ಟ ಕಂಪ್ಯೂಟರ್

ನಮ್ಮ ಅಣ್ಣನಿಗೆ ಕಂಪ್ಯೂಟರಿನ ಎಲ್ಲ ಕಾಯಿಲೆಗೂ ಒಂದೇ ಕಾರಣ ಗೊತ್ತು. ತಂಗಿಯ ಮದುವೆಯ ಹಿಂದಿನ ದಿನ, ಬೆಳ್ಳಾರೆಯ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ವಿಡಿಯೊ ತಡವರಿಸಿ ತಡವರಿಸಿ ನಿಲ್ಲತೊಡಗಿದಾಗಲೂ ಕೂತಲ್ಲಿಂದಲೇ ಅದನ್ನು ಹೇಳಿದ.

"ನೆಟ್ ಸ್ಲೋ ಮಾರಾಯ್ತಿ. ಅದನ್ನು ಗುಜರಿಗೆ ಹಾಕುದು ಒಳ್ಳೇದು."

ಅದೇ ನೆಟ್ಟಿನಲ್ಲಿ ಅವನ ಫೋನಿನ ಕ್ರಿಕೆಟ್ ಸಲೀಸಾಗಿ ಓಡುತ್ತಿತ್ತು. ತೋರಿಸಿದರೆ, ಇದೆಲ್ಲ ನಿನಗೆ ಅರ್ಥವಾಗುವುದಿಲ್ಲ ಎಂದ. ಗಲ್ಫಿನ ಅಂಗಡಿಯಲ್ಲಿ ಬಿಲ್ ಹೊಡೆದು ಬಂದವನು ಪಂಡಿತ, ಕಾಲೇಜು ಓದಿದ ನಾನು ದಡ್ಡಿ.

ನಮ್ಮ ಅಮ್ಮ, ನಾವು ಕರೆಯುವಂತೆ ಉಮ್ಮ, ಜಾರಿ ಬಿದ್ದು ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರು. ನಿಕಾಹ್ ಇದ್ದದ್ದು ಪುತ್ತೂರಿನ ಹಾಲ್‌ನಲ್ಲಿ. ಹೋಗಿದ್ದರೂ ಅದು ನಡೆಯುವುದು ಗಂಡಸರ ಕಡೆ. ಹೆಂಗಸರು ಒಳಗೆ ಕೂತು, ಆಯಿತಂತೆ ಎಂಬ ಸುದ್ದಿಯಲ್ಲೇ ತೃಪ್ತಿಪಡಬೇಕು. ಉಮ್ಮ ತನ್ನ ನಿಕಾಹ್ ನೋಡಿಲ್ಲ, ನನ್ನದೂ ನೋಡಿಲ್ಲ. ಈ ಸಲ ಲೈವ್ ಹಾಕುತ್ತಾರೆಂದು ತಿಳಿದಾಗಿನಿಂದ ಕಿರಿಯವಳದನ್ನಾದರೂ ಕಣ್ಣಾರೆ ನೋಡಬೇಕೆಂಬ ಆಸೆ ಹಿಡಿದಿತ್ತು. ಪೊರೆ ಬಂದ ಕಣ್ಣಿಗೆ ಫೋನಿನ ಪರದೆ ಸಾಲದು.

"ಎಂತ ಉಂಟು ಅದರಲ್ಲಿ ನೋಡ್ಲಿಕ್ಕೆ?" ಎಂದರು ಉಪ್ಪ. "ಕೈ ಹಿಡಿದು ನಾಲ್ಕು ಮಾತು ಹೇಳುದು, ಮುಗೀತು."

ನಮ್ಮ ಅಪ್ಪನಿಗೆ ಕಲ್ಲೆದೆಯವರೆಂದು ಊರಲ್ಲಿ ಹೆಸರು. ಆ ಹೆಸರನ್ನು ಅವರು ದಿನಾ ಇಸ್ತ್ರಿ ಹಾಕಿ ತೊಡುತ್ತಿದ್ದರು.

ಬೆಳಿಗ್ಗೆ ಎಲ್ಲರೂ ಪುತ್ತೂರಿಗೆ ಹೊರಟರು. ಉಮ್ಮನ ಜೊತೆ ಉಳಿದ ನಾನು ಕಂಪ್ಯೂಟರ್ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಅದರ ಡಬ್ಬದ ಮೇಲೆ ಕೈಯಿಟ್ಟೆ. ಕಾದ ದೋಸೆ ಕಾವಲಿ! ಮದುವೆಗೆಂದು ಮನೆ ಸಿಂಗರಿಸುವಾಗ ಅತ್ತಿಗೆ ಗಲ್ಫಿನಿಂದ ಬಂದ ಯಾವ ವಸ್ತುವನ್ನೂ ಬರಿಮೈಯಲ್ಲಿ ಬಿಟ್ಟಿರಲಿಲ್ಲ. ಮಿಕ್ಸಿಗೆ ಲಂಗ, ಫ್ರಿಜ್ಜಿನ ತಲೆಗೆ ಶಾಲು, ಈ ಡಬ್ಬಕ್ಕೆ ಜರಿ ಅಂಚಿನ ಮಖಮಲ್ಲಿನ ಗವಸು. ಗಾಳಿಯಾಡುವ ತೂತುಗಳೆಲ್ಲ ಬಂದ್. ಉಸಿರು ಕಟ್ಟಿದ ಯಂತ್ರ ಓಡುವುದಾದರೂ ಹೇಗೆ? ಪಂಡಿತರು ಅದರೆದುರೇ ಕೂತು ನೆಟ್ಟಿಗೆ ಬೈದಿದ್ದರು.

ಗವಸು ಕಿತ್ತೆಸೆದೆ. ಕರೆಂಟ್ ತೆಗೆದು, ಡಬ್ಬದ ಒಂದು ಬದಿ ಬಿಚ್ಚಿ, ಫ್ಯಾನಿಗೆ ಮೆತ್ತಿದ್ದ ಧೂಳನ್ನು ಬ್ರಷ್‌ನಿಂದ ಉದುರಿಸಿದೆ. ಸ್ಪೀಡ್ ಹೆಚ್ಚಿಸಲೆಂದು ಅಣ್ಣ ತುಂಬಿಸಿದ್ದ ಪ್ರೋಗ್ರಾಂಗಳೆಲ್ಲ ಕಂಪ್ಯೂಟರ್ ಹಾಕಿದ ಕೂಡಲೇ ಎದ್ದು ಕೂರುತ್ತಿದ್ದವು, ಅವನ್ನೂ ಅಳಿಸಿದೆ. ವಿಡಿಯೊದ ಗುಣಮಟ್ಟವನ್ನು ಸ್ವಲ್ಪ ಇಳಿಸಿದೆ. ಗುಜರಿಯ ಮಾಲು ಚೆನ್ನಾಗಿಯೇ ಓಡಿತು. ಅಣ್ಣ ಎದುರಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಲೈವ್‌ನಲ್ಲಿ ಬಹಳ ಹೊತ್ತು ಗಣ್ಯರ ಹೊಟ್ಟೆಗಳನ್ನೇ ತೋರಿಸಿದರು. ಕೊನೆಗೂ ಉಪ್ಪ ಮದುಮಗನ ಎದುರು ಕೂತು ಅವನ ಕೈ ಹಿಡಿದರು. ನಿಕಾಹ್ ಮಾಡಿಸುವ ಮಸೀದಿಯ ಖತೀಬರು ಹೇಳಿಕೊಟ್ಟ ಮಾತುಗಳನ್ನು ಗಟ್ಟಿಯಾಗಿ ಹೇಳುತ್ತ ಬಂದವರು, ಮಗಳ ಹೆಸರು ಹೇಳಬೇಕಾದಲ್ಲಿ ಬಾಯಿ ತೆರೆದು ಹಾಗೇ ನಿಂತುಬಿಟ್ಟರು.

"ಪುನಃ ನಿಂತಿತಾ?" ಉಮ್ಮ ಗಾಬರಿಯಾದರು. "ಬೇಗ ಎಂತಾದ್ರೂ ಮಾಡು ಮಗಳೇ!"

ನಾನೂ ಮೌಸ್ ಹಿಡಿದೆ. ಆದರೆ ಪಕ್ಕದಲ್ಲಿ ಖತೀಬರ ಶಾಲಿನ ತುದಿ ಗಾಳಿಗೆ ಹಾರುತ್ತಲೇ ಇತ್ತು.

"ವಿಡಿಯೊ ಸರಿ ಉಂಟು ಉಮ್ಮ," ಎಂದೆ. "ನಿಂತದ್ದು ಉಪ್ಪ."