ರಾಚವ್ವ ಬಿಚ್ಚಿದ ಕೆಂಪು ಕಾರಿನ ಸೀಟು

ಬೈಲಹೊಂಗಲ ಬಜಾರದಾಗ ರಾಚವ್ವನ ಕುಶನ್ ಅಂಗಡಿ ಎಲ್ಲೈತಿ ಅಂತ ಯಾರನ್ನ ಕೇಳಿದ್ರೂ ಹೇಳತಾರ. ಹೇಳಿ ಸುಮ್ಮನಿರ್ತಾರಂದ್ರ ಅದೂ ಇಲ್ಲ. "ಆಕಿ ಮುಂದ ಪರಶುನ ಹೆಸರು ಮಾತ್ರ ಎತ್ತಬ್ಯಾಡ್ರಿ" ಅಂತ ಇವತ್ತಿಗೂ ಒಂದು ಮಾತು ಪುಕ್ಕಟೆ ಕೂಡಸತಾರ. ನಮ್ಮೂರ ಮಂದಿ ಬಾಯಿ ನಿಮಗ ಗೊತ್ತಿಲ್ಲೇನು? ಪರಶುನ ಅಂಗಡಿ ರಸ್ತಾದ ಆಚೀ ಕಡೆ, ಸೀದಾ ಎದುರಿಗೆ ಐತಿ. ಅಂವನೂ ಅದೇ ಕೆಲಸ ಮಾಡತಾನ. ಟ್ರ್ಯಾಕ್ಟರ್ ಸೀಟು, ಜೀಪಿನ ಸೀಟು, ಟಂಟಂ ಸೀಟು ಹೊಲಿಯೂದು. ಹನ್ನೊಂದು ವರ್ಷ ದಿನಾ ಒಬ್ಬರ ಮಾರಿ ಒಬ್ಬರು ನೋಡತಿದ್ರು, ಮಾತಿಲ್ಲ ಕತಿಯಿಲ್ಲ.

ಅದಕ್ಕೂ ಹಿಂದ ಹಂಗಿರಲಿಲ್ಲ. ರಾಚವ್ವನ ಗಂಡ ಮಹಾಂತಪ್ಪ ಇದ್ದಾಗ ಪರಶು ಅವನ ಜೋಡಿ ಇದೇ ಅಂಗಡ್ಯಾಗ ಕೆಲಸ ಮಾಡತಿದ್ದ. ಅವನ್ನ ಅಣ್ಣಾ ಅಂತ, ಈಕಿನ್ನ ವೈನಿ ಅಂತ ಬಾಯಿ ತುಂಬ ಕರೀತಿದ್ದ. ಮಹಾಂತಪ್ಪ ಎದಿನೋವು ಅಂತ ಒಂದಿನ ಮಲಗಿದವ ಏಳಲಿಲ್ಲ. ಪರಶು ವರ್ಷ ತುಂಬೂತನಕ ಕಾದು, ಆಮ್ಯಾಲ ತಂದೊಂದು ಬ್ಯಾರೆ ಅಂಗಡಿ ಇಟ್ಟ. ಅದಕ್ಕ ರಾಚವ್ವ ಏನೂ ಬ್ಯಾಸರ ಮಾಡಕೊಳ್ಳಲಿಲ್ಲ. ಗಂಡನ ಮಶೀನಿನ ಮುಂದ ತಾನ ಕುಂತ್ಲು. ಆದ್ರ ಒಂದು ಚಮತ್ಕಾರ ಆತು ನೋಡ್ರಿ. ಈಕಿ ಹೊಲಿದ ಸೀಟು ಮಹಾಂತಪ್ಪ ಹೊಲಿದದ್ದಕ್ಕಿಂತ ಚಲೋ ಬರಾಕ ಹತ್ತಿದ್ವು. ಬೆಳತನಕ ಹೊಲ ಹೊಡೆಯೋ ಟ್ರ್ಯಾಕ್ಟರಿನವರು "ಟೊಂಕ ಹಿಡಿಯಂಗಿಲ್ಲವಾ" ಅಂತ ಹುಡಿಕ್ಕೊಂಡು ಬರತಿದ್ರು.

ಇದರ ಗುಟ್ಟು ಪರಶುಗ ತಿಳೀಲಿಲ್ಲ. ಯಾರದೋ ಟ್ರ್ಯಾಕ್ಟರಿನಿಂದ ರಾಚವ್ವನ ಸೀಟೊಂದು ತರಿಸಿ, ಹೊಲಿಗಿ ಬಿಚ್ಚಿ, ಒಳಗಿದ್ದದ್ದನ್ನೆಲ್ಲಾ ಒಂದೊಂದಾಗಿ ಗ್ವಾಡಿ ಮೊಳಿಗೆ ತೂಗಹಾಕಿ ನೋಡಕೋತ ನಿಂತಿದ್ದ. ಅದನ್ನ ರಾಚವ್ವ ಕಂಡ್ಲು. ನಟ್ಟನಡು ಬಜಾರದಾಗ ನಿಂತು "ಕಳ್ಳ" ಅಂದ್ಲು. ಒಂದ್ಸಲ ಅಲ್ಲ, ಮೂರ್ಸಲ ಅಂದ್ಲು. ಪರಶು ತಲಿ ತಗ್ಗಿಸಿ ಒಳಗ ಹೋದ.

ಇನ್ನ ಕೆಂಪು ಕಾರಿಗೆ ಬರೂಣು. ಹೋದ ವರ್ಷ ಥಂಡಿ ದಿನದಾಗ, ಒಂದು ಮುಂಜಾನೆ, ನೆಲಕ್ಕ ಅಂಟಿಕೊಂಡಂಥಾ ಒಂದು ಕಾರು ರಾಚವ್ವನ ಅಂಗಡಿ ಮುಂದ ಬಂದು ನಿಂತಿತು. ಬಜಾರದ ಮಂದಿಯೆಲ್ಲಾ ಚಾ ಬಿಟ್ಟು ಎದ್ದು ಬಂದ್ರು. ಕಾರಿನಿಂದ ಇಳಿದಾಕಿ ಸಂಪಗಾಂವದ ಉಮಾಶ್ರೀ. ಪುಣೆದಾಗ ಒಂದು ಕಾರು ಕಂಪನ್ಯಾಗ ಇಂಜಿನಿಯರ್. ಅವರಪ್ಪನ ಟ್ರ್ಯಾಕ್ಟರಿಗೆ ಸೀಟು ಹೊಲಿದಾಕಿ ರಾಚವ್ವನ.

"ಕಾಕು, ಈ ಕಾರು ನಮ್ಮ ಕಂಪನೀದಲ್ಲರಿ, ನಮ್ಮ ಎದುರು ಕಂಪನೀದು" ಅಂದ್ಲು ಉಮಾಶ್ರೀ. "ನಾವೂ ಹಿಂತಾದೊಂದು ಮಾಡಾಕ ಹತ್ತೇವಿ. ಇದರ ಸೀಟಿನ್ಯಾಗ ನಾಕು ತಾಸು ಕುಂತ್ರೂ ಏನೂ ಆಗಂಗಿಲ್ಲ. ನಮ್ಮದರಾಗ ಒಂದು ತಾಸಿಗೆ ಟೊಂಕ ಹಿಡೀತೈತಿ. ಯಾಕಂತ ನಮಗ ಯಾರಿಗೂ ತಿಳೀವಲ್ದು."

ಆಮ್ಯಾಲ ತಮ್ಮ ಕಂಪನ್ಯಾಗ ಏನ್ ಮಾಡತಾರ ಅನ್ನೂದನ್ನ ಹೇಳಿದ್ಲು. ಎದುರಿನವರ ಕಾರು ತರತಾರಂತ. ತಿಂಗಳಾನಗಟ್ಲೆ ಓಡಸತಾರಂತ. ಕಡೀಕ ಪೂರಾ ಬಿಚ್ಚಿ, ಒಂದೊಂದು ಬೋಲ್ಟು ತೂಕ ಮಾಡಿ, ಹಲಗಿಗೆ ಸಾಲಾಗಿ ಹಚ್ಚಿ, ಕೆಳಗ ಚೀಟಿ ಅಂಟಸತಾರಂತ. ಇಂಥಾದ ಒಂದು ಸೀಟನ್ನೂ ಹಂಗ ಬಿಚ್ಚಿದ್ರಂತ, ಸ್ಪಂಜು ಅಳದ್ರಂತ, ಹಂಗಽ ಮಾಡಿ ನೋಡಿದ್ರಂತ, ಬರಲಿಲ್ಲಂತ. ಈಗ ಈ ಕಾರನ್ನ ಕಿತ್ತೂರ ಹತ್ತಿರದ ಒಬ್ಬ ಸಾವಕಾರರ ಕಡಿಂದ ಕೇಳಿ ತಂದಿದ್ಲು. ಅವರು ಸೀಟು ಬಿಚ್ಚಾಕ ಹೂಂ ಅಂದಿದ್ರು, ಆದ್ರ ಒಂದು ಕರಾರು. ಬಿಚ್ಚಿದ ಗುರ್ತು ಕಾಣಬಾರದು, ಸಂಜೀ ಆರಕ್ಕ ಕಾರು ಮನಿ ಮುಂದ ಇರಬೇಕು.

"ಇದಕ್ಕ ಕಳವು ಅಂತಾರವಾ" ಅಂದ್ಲು ರಾಚವ್ವ.

"ಕಳವಲ್ರಿ ಕಾಕು. ಎಲ್ಲಾ ಕಂಪನಿಯವರೂ ಮಾಡತಾರ. ನಾಳೆ ನಮ್ಮ ಕಾರು ಬಂದ್ರ ಮೊದಲನೇದು ತಗೊಂಡು ಬಿಚ್ಚವ್ರು ಅವರ. ನೋಡಿ ಕಲಿಯೂದಷ್ಟ."

ರಾಚವ್ವನ ಕಣ್ಣು ರಸ್ತಾದಾಚೆ ಹೋತು. ಪರಶು ಕತ್ತರಿ ಹಿಡಕೊಂಡು ತನ್ನ ಕೆಲಸದಾಗಿದ್ದ. ಈ ಸೀಟು ಬಿಚ್ಚಿದ್ರ ತಾ ಅಂದ ಮಾತು ತನ್ನ ಕೊಳ್ಳಿಗೆ ಬೀಳತೈತಿ ಅನ್ನೂದು ಆಕಿಗೆ ಚಲೋತ್ನಾಗಿ ಗೊತ್ತಿತ್ತು. ಒಲ್ಲೆ ಅಂದ್ರ, ಪುಣೆದಿಂದ ತನ್ನನ್ನ ನಂಬಿ ಬಂದ ಈ ಹುಡಿಗಿಗೆ ಏನ್ ಹೇಳೂದು? ಅದಕ್ಕ ಆಕಿ ಒಂದು ನೆವ ತಗದ್ಲು.

"ಕುಂತ ನೋಡದ ಸೀಟು ನಾ ಮುಟ್ಟಂಗಿಲ್ಲ. ಮೊದಲು ನನ್ನ ತಿರಗಿಸಿಕೊಂಡು ಬಾ."

ಕಾರು ಸವದತ್ತಿ ಹಾದಿ ಹಿಡೀತು. ಮುನವಳ್ಳಿ ದಾಟಿದ್ದ ತಡ, ಎರಿ ಭೂಮಿ ಎರಡೂ ಕಡೆ ಹಾಸಿಕೊಂಡು ಬಿತ್ತು. ಬಿಳಿಜ್ವಾಳ ತೆನಿ ಹಿಡಿದಿತ್ತು, ನಡುನಡುವ ಕುಸುಬಿ ಹೂವು ಹಳದಿ ಹಾಕಿತ್ತು. ಎರಿ ಮಣ್ಣಿನ ಮ್ಯಾಲಿನ ರಸ್ತಾ ಅಂದ್ರ ಕೇಳಬ್ಯಾಡ್ರಿ, ಮಳಿಗೆ ಉಬ್ಬತೈತಿ, ಬಿಸಲಿಗೆ ತಗ್ಗತೈತಿ, ಗುತ್ತಿಗೆದಾರ ಮಾತ್ರ ಎಂದೂ ಕಣ್ಣಿಗೆ ಬೀಳಂಗಿಲ್ಲ. ಆದ್ರ ಆ ಸೀಟಿನ್ಯಾಗ ರಾಚವ್ವಗ ಉಬ್ಬೂ ತಿಳೀಲಿಲ್ಲ, ತಗ್ಗೂ ತಿಳೀಲಿಲ್ಲ. ಮೈ ಮೊದಲು ಒಂಚೂರು ಜಾರತಿತ್ತು, ಆಮ್ಯಾಲ ಹಗೂರಕ ತನ್ನ ಜಾಗಾಕ್ಕ ಬಂದು ಕುಂಡರತಿತ್ತು. ಯಾರೋ ಕೆಳಗ ಅಂಗೈ ಹಿಡಿದಂಗ ಅನಸತಿತ್ತು.

ಸವದತ್ತಿ ಯಾವಾಗ ಹಿಂದ ಬಿತ್ತೋ ಗೊತ್ತಾಗಲಿಲ್ಲ. ಮಲಪ್ರಭೆಯ ನೀರು ಬಲಕ್ಕ ಹೊಳೀತು, ಮತ್ತ ಮರಿ ಆತು. ರಾಚವ್ವ ಕಣ್ಣ ಮುಚ್ಚಿದ್ಲು. ಲಗ್ನಾದ ಮೊದಲನೇ ವರ್ಷ, ಸಿರಸಂಗಿಯ ತವರಮನಿಯಿಂದ ಗಂಡನ ಜೋಡಿ ಹತ್ತಿ ಹೇರಿದ ಚಕ್ಕಡಿ ಮ್ಯಾಲ ಬಂದದ್ದು ಕಣ್ಣಿಗೆ ಕಟ್ಟಿತು. ಅವತ್ತ ಹತ್ತಿಯೊಳಗ ಮೈ ಅರ್ಧ ಹುಗದಿತ್ತು, ಮ್ಯಾಲ ಬರೇ ಆಕಾಶ ಇತ್ತು. ಮಹಾಂತಪ್ಪ ಏನೋ ಹೇಳಾಕ ಹತ್ತಿದ್ದ, ಆಕಿಗೆ ಮಾತು ಕೇಳಸಲಿಲ್ಲ, ದನಿ ಅಷ್ಟ ಕೇಳಸ್ತು. ಚಕ್ಕಡಿ ಹೊಂಟೈತೋ ನಿಂತೈತೋ ತಿಳೀದಂಗ ಆಗಿತ್ತು. ಈಗೂ ಹಂಗ ಆತು. ಆಕಿ ನಿದ್ದಿ ಹತ್ತಿದಾಕೀನೂ ಅಲ್ಲ, ಎಚ್ಚರಿದ್ದಾಕೀನೂ ಅಲ್ಲ. "ಅಂವ ಏನ್ ಹೇಳತಿದ್ದ" ಅಂತ ನೆನಸಿಕೋತ ನೆನಸಿಕೋತ ಎಷ್ಟೋ ಹರದಾರಿ ಹೋಗಿಬಿಟ್ಲು.

"ರಾಮದುರ್ಗ ಬಂತ್ರಿ ಕಾಕು" ಅಂದ್ಲು ಉಮಾಶ್ರೀ.

ತಿರುಗಿ ಬೈಲಹೊಂಗಲಕ್ಕ ಬಂದಾಗ ಮಧ್ಯಾಹ್ನ ಮೂರು ಹೊಡೆದಿತ್ತು. ರಾಚವ್ವ ಮತ್ತ ಬ್ಯಾಡ ಅನಲಿಲ್ಲ. ಉಮಾಶ್ರೀ ಸೀಟು ಇಳಿಸಿಕೊಟ್ಲು. ಚರ್ಮವನ್ನ ಕೆಳಗ ಬಿಗಿದಿದ್ದ ತಂತಿ ಉಂಗುರಗಳನ್ನ ರಾಚವ್ವ ಪಕ್ಕಡದ ಬಾಯಾಗ ಹಿಡಿದು ಒಂದೊಂದ ತಗದ್ಲು. ಚರ್ಮ ಎತ್ತಿದ್ಲು. ಒಳಗ, ಸ್ಪಂಜಿನ ಮ್ಯಾಲ, ಯಾವುದಕ್ಕೂ ಹೊಲೀದಂಗ ಬಿಟ್ಟ ಒಂದು ತೆಳ್ಳನ ಬಿಳಿ ಅರಬಿ ಬಟ್ಟಿ ಇತ್ತು.

"ಇದು ಪ್ಯಾಕಿಂಗ್ ಅಂತ ನಾವು ಕಿತ್ತು ಒಗದಿದ್ವಿ" ಅಂದ್ಲು ಉಮಾಶ್ರೀ.

"ಒಗದ್ರ ಏನ್ ಉಳೀತು? ಚರ್ಮ ಸ್ಪಂಜಿಗೆ ಅಂಟಿದ್ರ ಮೈ ಹಿಡಕೋತೈತಿ. ನಡುವ ಇದು ಇದ್ರ ಜಾರಿ ಕುಂಡರತೈತಿ. ನನ್ನ ಸೀಟಿನ್ಯಾಗೂ ಇದೇ ಐತಿ."

"ಇದನ್ನ ನಿಮಗ ಯಾರು ಕಲಿಸಿದ್ರು?"

ರಾಚವ್ವ ಆ ಅರಬಿಯ ಸುಕ್ಕು ಕೈಯಿಂದ ಸವರಿ ತಿದ್ದಿದ್ಲು. ಯಾರೂ ಕಲಿಸಿರಲಿಲ್ಲ ನೋಡ್ರಿ. ಮಹಾಂತಪ್ಪ ಹೋದ ಮ್ಯಾಲ ಅವನ ಧೋತರಗೋಳು ಉಳಿದಿದ್ವು. ಕೊಡಾಕ ಮನಸಿಲ್ಲ, ಕಣ್ಣಿಂದ ನೋಡಾಕ ಆಗಂಗಿಲ್ಲ. ಒಂದಿನ ಸೀಟು ಮುಚ್ಚುವಾಗ ಒಂದು ತುಂಡು ಹರಿದು ಒಳಗ ಹಾಸಿದ್ಲು. ಊರಾಗ, ಹೊಲದಾಗ ಅಂವ ತಿರಗಾಡಿಕೊಂಡಿರ್ಲಿ ಅಂತ. ಸೀಟು ಚಲೋ ಆದದ್ದು ಆಮ್ಯಾಲ ತಿಳಿದದ್ದು. ಧೋತರ ಮುಗಿದ ಮ್ಯಾಲ ಹಳೇ ಅರಬಿ ಹಾಕಿ ಸಂಭಾಳಿಸಿದ್ಲು. ಪರಶುನ ಗ್ವಾಡಿ ಮೊಳಿಗೆ ಅವತ್ತ ತೂಗತಿದ್ದದ್ದು ಆ ಧೋತರದ ತುಂಡು. ಆಕಿ ಕಳ್ಳ ಅಂದದ್ದು ಹೊಲಿಗಿ ಗುಟ್ಟಿಗಲ್ಲ. ಆದ್ರ ಅದನ್ನ ಆಕಿ ಯಾರ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಇನ್ನ ಸೀಟು ಮುಚ್ಚೂದು ಉಳೀತು. ಅಲ್ಲೇ ಬಂತು ಪೇಚು. ಒಬ್ಬರು ಅದುಮಿ ಹಿಡೀಬೇಕು, ಇನ್ನೊಬ್ಬರು ಚರ್ಮ ಜಗ್ಗಿ ಉಂಗುರ ಹಾಕಬೇಕು. ತನ್ನ ಸೀಟಾದ್ರ ರಾಚವ್ವ ಮೊಣಕಾಲು ಊರಿ ಒಬ್ಬಾಕೀನ ಮುಚ್ಚತಿದ್ಲು. ಈ ಚರ್ಮ ನಾಜೂಕು, ಮೊಣಕಾಲಿನ ಗುರ್ತು ಬಿದ್ರ ಹೋಗಂಗಿಲ್ಲ. ಉಮಾಶ್ರೀ ಹಿಡಿದು ನೋಡಿದ್ಲು. ಎರಡು ಸಲ ಕೈ ಜಾರ್ತು, ಎರಡನೇ ಸಲ ಪಕ್ಕಡ ಚರ್ಮಕ್ಕ ತಾಗೂದು ಕೂದಲೆಳಿಯಷ್ಟರಾಗ ತಪ್ಪಿತು. ಹುಡಿಗಿ ಗಡಿಯಾರ ನೋಡಿದ್ಲು. ಐದಕ್ಕ ಹತ್ತು ಮಿನಿಟು ಕಮ್ಮಿ ಇತ್ತು.

"ಸಾವಕಾರರಿಗೆ ಮಾತು ಕೊಟ್ಟೇನ್ರಿ ಕಾಕು. ಕೆಟ್ಟರ ನನ್ನ ನೌಕರಿ ಹೋಗತೈತಿ."

ಇಂಥಾ ಕೆಲಸಕ್ಕ ಅಳತಿ ಗೊತ್ತಿದ್ದ ಕೈ ಊರಾಗ ಇನ್ನೊಂದ ಇತ್ತು. ರಾಚವ್ವ ಎದ್ಲು, ಸೆರಗು ಜಾಡಿಸಿದ್ಲು, ಸೀದಾ ರಸ್ತಾ ದಾಟಿದ್ಲು. ಚಾದಂಗಡಿ ಮಂದಿ ಬಾಯಿ ತೆರಕೊಂಡು ಕುಂತ್ರು, ಇರಲಿ ಬಿಡ್ರಿ ಅವರು ಹಂಗ.

ಪರಶು ಸೀಟಿನ ಮುಂದ ಕುಂತಿದ್ದ. ಬಾಜೂಕ ಹಳೇ ಅರಬಿಗಳ ಒಂದು ಗಂಟಿತ್ತು. ಆಕಿನ್ನ ಕಂಡು ತಟ್ಟನ ಎದ್ದ. ಕೂದಲೆಲ್ಲಾ ಬೆಳ್ಳಗಾಗಿತ್ತು. ಎದುರಿಗೇ ಇದ್ದೂ ಅದು ಆಕಿ ಲಕ್ಷ್ಯಕ್ಕ ಬಂದಿರಲಿಲ್ಲ.

"ಈ ಅರಬಿ ಯಾಕ?" ಅಂತ ಕೇಳಿದ್ಲು.

"ಸೀಟಿಗ್ರಿ ವೈನಿ. ನಿಮ್ಮದರಾಗ ಕಂಡಿದ್ದೆ. ಯಾಕ ಹಾಕತೀರಿ ತಿಳೀಲಿಲ್ಲ. ಹೊಸಾದು ಹಾಕಿ ನೋಡಿದೆ, ಬರಲಿಲ್ಲ. ಮನ್ಯಾಗಿನ ಹಳೇ ಸೀರಿ, ಧೋತರ ಎಲ್ಲಾ ಮುಗದ್ವು, ಈಗ ಮಂದಿ ಕಡಿಂದ ಇಸಗೊಂಡು ಹಾಕತೇನಿ. ಕೇಳಬೇಕಂದ್ರ ನೀವು ಮಾರಿ ಕೊಡಲಿಲ್ಲ."

"ಅವತ್ತ ನೀ ತೂಗಹಾಕಿದ್ದು ನಿಮ್ಮಣ್ಣನ ಧೋತರ" ಅಂದ್ಲು ರಾಚವ್ವ.

ಪರಶು ನಿಂತವ ಅಲ್ಲೇ ಕುಂತ. ಕತ್ತರಿ ಕೈಯಾಗ ಇತ್ತು, ಅದನ್ನ ಎಲ್ಲಿ ಇಡಬೇಕಂತ ತಿಳೀದಂಗ ನೋಡಿದ. "ಅಣ್ಣನ್ನ ನಾ ಮೊಳಿಗೆ ಹಾಕಿದ್ನೇನ್ರಿ ವೈನಿ" ಅಂದ.

"ನಿನಗ ಗೊತ್ತಿರಲಿಲ್ಲ, ನಾ ಹೇಳಲಿಲ್ಲ. ಕಳ್ಳ ಅಂದದ್ದು ನನ್ನ ತಪ್ಪು." ರಾಚವ್ವ ತನ್ನ ಅಂಗಡಿ ಕಡೆ ಕೈ ತೋರಿಸಿದ್ಲು. "ಇವತ್ತ ನಾನೂ ಎದುರಿನವರದೊಂದು ಬಿಚ್ಚೇನಿ. ಅದರಾಗೂ ಬಿಳಿ ಅರಬಿ ಐತಿ. ಯಾರು ಹಾಸ್ಯಾರೋ, ಯಾರ ನೆನಪಿಗೆ ಹಾಸ್ಯಾರೋ ನನಗೂ ಗೊತ್ತಿಲ್ಲ. ಗುರ್ತು ಬೀಳದಂಗ ಮುಚ್ಚಬೇಕು. ಬಾ ಪರಶು."

ಅಂವ ಕತ್ತರಿ ಕೆಳಗಿಟ್ಟ. "ಕೈ ತೊಳಕೊಂಡು ಬರತೇನ್ರಿ ವೈನಿ" ಅಂದವ, ಹಿತ್ತಲದ ನಳದಾಗ ಎರಡೂ ಕೈ ಮೊಣಕೈತನಕ ತಿಕ್ಕಿ ತಿಕ್ಕಿ ತೊಳಕೊಂಡು ಬಂದ.